ಯಾವ ಬೆಟ್ಟದ ಬುಡದಲ್ಲಿ?

ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ಹೇಳಿಬಿಡುವುದು ಅಧ್ಯಾಪಕ ವೃತ್ತಿಯವರಿಗೆ ಅಷ್ಟು ಸುಲಭವಲ್ಲ. ಇಪ್ಪತ್ತು ವರ್ಷ ತರಗತಿಯಲ್ಲಿ ನಿಂತು ಮಾತನಾಡಿ ರೂಢಿಯಾದವನಿಗೆ, ಯಾರಾದರೂ ಏನನ್ನಾದರೂ ಕೇಳಿದರೆ ಸಾಕು, ಉತ್ತರದಂತೆ ಕಾಣುವ ಒಂದು ಮಾತು ನಾಲಗೆಯ ತುದಿಗೆ ಬಂದು ಕುಳಿತಿರುತ್ತದೆ. ಮೊನ್ನೆ ಅಕ್ಕನ ಮಗ ಕೇಳಿದ ಪ್ರಶ್ನೆಗೆ ಮಾತ್ರ ನನ್ನ ಬಾಯಿ ಕಟ್ಟಿತು.

“ಮಾವ, ಬೆಟ್ಟ ಹತ್ತುವುದೇ ಮುಖ್ಯ ಎಂದುಕೊಂಡವನು ಬಾಳುವುದಕ್ಕೆ ಯಾವ ದೇಶದ ಯಾವ ಊರು ಒಳ್ಳೆಯದು?”

ಹೀಗೆ ಕೇಳುವಾಗ ಅವನು ಕುಳಿತಿದ್ದುದು ಬೆಟ್ಟದ ಬುಡದಲ್ಲೇ. ಅಕ್ಕನ ಮನೆ ಇರುವುದು ಸುಬ್ರಹ್ಮಣ್ಯದ ಹತ್ತಿರ. ಅಂಗಳದಲ್ಲಿ ನಿಂತು ಮೂಡಣಕ್ಕೆ ಕಣ್ಣೆತ್ತಿದರೆ ಶೇಷಪರ್ವತ. ಅದರ ಬೆನ್ನಿಗೆ ಕುಮಾರಪರ್ವತ, 1712 ಮೀಟರು. ಅಕ್ಕ ಮದುವೆಯಾಗಿ ಹೋದಾಗ ಆ ಮನೆ ಸುಳ್ಯ ತಾಲೂಕಿನಲ್ಲಿತ್ತು. ಈಗ ಕಡಬ ತಾಲೂಕಿನಲ್ಲಿದೆ. ಮನೆ ಕದಲಲಿಲ್ಲ, ತಾಲೂಕೇ ಬಂದು ಅದನ್ನು ಸೇರಿಸಿಕೊಂಡಿತು. ಊರು ಬಿಡದೆಯೂ ಊರು ಬದಲಾಗುವ ಈ ಸೋಜಿಗದ ಬಗ್ಗೆ ಇನ್ನೊಮ್ಮೆ ಬರೆಯಬಹುದು.

ಹುಡುಗ ಬೆಂಗಳೂರಿನ ಕಂಪ್ಯೂಟರ್ ಕಂಪನಿಯೊಂದರಲ್ಲಿದ್ದಾನೆ. ಇಪ್ಪತ್ತೊಂಬತ್ತು ವರ್ಷ. ವಾರದ ಐದು ದಿನ ಕುಳಿತು ಸಂಪಾದಿಸಿದ್ದನ್ನು ಉಳಿದೆರಡು ದಿನ ಬಂಡೆ ಹತ್ತಿ ಕಳೆಯುತ್ತಾನೆ. ರಾಮನಗರ, ಸಾವನದುರ್ಗಗಳು ಮುಗಿದ ಮೇಲೆ ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಗೆ ಹೋಗಿ ಹಿಮದಲ್ಲಿ ನಡೆಯುವುದನ್ನೂ ಕಲಿತು ಬಂದ. ಈಗ ಅವನ ಎದುರಿಗೆ ವಿದೇಶದ ಬಾಗಿಲು ತೆರೆದಿದೆ. ಅವನ ಕೆಲಸ ಎಲ್ಲಿ ಕುಳಿತರೂ ಆಗುವಂಥದು. ಆದ್ದರಿಂದ ಕೆಲಸ ಎಲ್ಲಿದೆಯೋ ಅಲ್ಲಿಗೆ ಹೋಗಬೇಕಾದ ನಮ್ಮ ಕಾಲದ ಹಂಗು ಅವನಿಗಿಲ್ಲ. ಬೆಟ್ಟ ಎಲ್ಲಿದೆಯೋ ಅಲ್ಲಿಗೆ ಹೋಗಬಹುದು. ಕಷ್ಟ ಹುಟ್ಟಿದ್ದೇ ಅಲ್ಲಿ.

ಅವನು ಒಂದು ದೊಡ್ಡ ಹಾಳೆಯನ್ನು ಜಗಲಿಯ ಮೇಲೆ ಹರಡಿದ. ಅಡ್ಡಸಾಲಿನಲ್ಲಿ ಊರುಗಳು: ಆಸ್ಟ್ರಿಯಾದ ಇನ್ಸ್‌ಬ್ರುಕ್, ಫ್ರಾನ್ಸಿನ ಶಾಮೊನಿ, ಕೆನಡಾದ ಕ್ಯಾನ್‌ಮೋರ್, ನ್ಯೂಜಿಲೆಂಡಿನ ಕ್ವೀನ್ಸ್‌ಟೌನ್. ಉದ್ದಸಾಲಿನಲ್ಲಿ ಗುಣಗಳು: ಹಿಮ ಇರುವ ತಿಂಗಳು, ಮನೆ ಬಾಡಿಗೆ, ವೀಸಾ, ಭಾಷೆ, ಮನೆಬಾಗಿಲಿನಿಂದ ಬೆಟ್ಟದ ದಾರಿಗೆ ಎಷ್ಟು ನಿಮಿಷ. ಪ್ರತಿಯೊಂದಕ್ಕೂ ಹತ್ತರಲ್ಲಿ ಅಂಕ. ಉತ್ತರಪತ್ರಿಕೆ ತಿದ್ದಿ ತಿದ್ದಿ ಅಂಕವೆಂದರೆ ವೈರಾಗ್ಯ ಬಂದಿರುವ ನನಗೂ ಆ ಹಾಳೆಯನ್ನು ಕಂಡು ಸಂತೋಷವೇ ಆಯಿತು. ಇನ್ಸ್‌ಬ್ರುಕ್ಕಿನ ನಡುಪೇಟೆಯಿಂದ ಹೊರಟವನು ತೂಗುಬಂಡಿ ಹಿಡಿದು ಅರ್ಧ ಗಂಟೆಯೊಳಗೆ ಎರಡು ಸಾವಿರ ಮೀಟರಿಗೂ ಮೇಲೆ ನಿಲ್ಲಬಹುದಂತೆ. 1964 ಮತ್ತು 1976ರಲ್ಲಿ ಚಳಿಗಾಲದ ಒಲಿಂಪಿಕ್ ಕ್ರೀಡೆಗಳು ಅಲ್ಲಿ ನಡೆದವು. ಶಾಮೊನಿಯಲ್ಲಾದರೋ ಮೊದಲ ಚಳಿಗಾಲದ ಒಲಿಂಪಿಕ್ಕೇ ನಡೆದದ್ದು, 1924ರಲ್ಲಿ. ಇದೆಲ್ಲವನ್ನೂ ಹುಡುಗ ಪಾಠ ಒಪ್ಪಿಸಿದಂತೆ ಒಪ್ಪಿಸಿದ.

ಒಂದು ಮಾತು ನಗು ತರಿಸಿತು. ಇವನು ಊರುಗಳಿಗೆ ಅಂಕ ಹಾಕುತ್ತಿದ್ದಾನಷ್ಟೆ. ಆ ಊರುಗಳೂ ಇವನಿಗೆ ಅಂಕ ಹಾಕುತ್ತವೆ. ವಯಸ್ಸಿಗಿಷ್ಟು, ಓದಿಗಿಷ್ಟು, ಭಾಷೆಗಿಷ್ಟು, ಅನುಭವಕ್ಕಿಷ್ಟು ಎಂದು ಕೂಡಿ, ಇಂತಿಷ್ಟು ಬಂದರೆ ಒಳಗೆ ಬಿಡುವ ಪದ್ಧತಿಯನ್ನು ಕೆನಡಾ 1967ರಲ್ಲೇ ತಂದಿತು. ಆಸ್ಟ್ರಿಯಾದವರೂ ಈಗ ಹಾಗೆಯೇ ಮಾಡುತ್ತಾರೆ. ಜಾತಕ ಕೂಡಿಸುವುದು ನಮ್ಮಲ್ಲಿ ಕಡಮೆಯಾಯಿತು ಎಂದು ಹೇಳುವವರು ಈ ಕಡೆ ಸ್ವಲ್ಪ ನೋಡಬೇಕು.

ಇಲ್ಲಿ ನನ್ನ ತಪ್ಪನ್ನೂ ಹೇಳಿಕೊಳ್ಳಬೇಕು. ಈ ಹುಚ್ಚನ್ನು ಅವನ ತಲೆಗೆ ಹತ್ತಿಸಿದವನು ನಾನೇ. ಅವನಿಗೆ ಹದಿನಾಲ್ಕು ತುಂಬಿದಾಗ ಒಂದು ದಶಂಬರದಲ್ಲಿ ಕುಮಾರಪರ್ವತಕ್ಕೆ ಕರೆದುಕೊಂಡು ಹೋಗಿದ್ದೆ. ಗಿರಿಗದ್ದೆಯ ಭಟ್ಟರ ಮನೆಯಲ್ಲಿ ಊಟ, ಮರುದಿನ ನಸುಕಿಗೆ ಎದ್ದು ಕಲ್ಲುಮಂಟಪ ದಾಟಿ ಶೇಷಪರ್ವತದ ಬೋಳು ನೆತ್ತಿಗೆ ಬಂದೆವು. ಕೆಳಗೆ ಮಂಜು ಹಾಲಿನ ಕೆರೆಯಂತೆ ನಿಂತಿತ್ತು. ಹುಡುಗ ಮಾತಿಲ್ಲದೆ ನಿಂತ. ಇಳಿದು ಬಂದ ಮೇಲೆ ಕಾಲಿನ ಇಂಬಳ ಕೀಳುತ್ತಾ, “ನಾಳೆ ಪುನಃ ಹೋಗುವನಾ ಮಾವ?” ಎಂದ. ಆ ಮಾತಿಗೆ ನಾನು ಹಿಗ್ಗಿದೆ. ಹದಿನೈದು ವರ್ಷದ ಅನಂತರ ಅದರ ಬಡ್ಡಿ ಈ ಹಾಳೆಯ ರೂಪದಲ್ಲಿ ಬಂದಿತು.

ಅವನ ತಂದೆ, ನನ್ನ ಭಾವ, ಆ ಬೆಟ್ಟವನ್ನು ಒಮ್ಮೆಯೂ ಹತ್ತಿದವರಲ್ಲ. ಆದರೆ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಪ್ರತಿ ಬೆಳಗ್ಗೆ ಅದನ್ನು ನೋಡಿದವರು. ಅಂಗಳದಲ್ಲಿ ಅಡಿಕೆ ಹರಡಿರುವ ತಿಂಗಳುಗಳಲ್ಲಂತೂ ಹಲ್ಲುಜ್ಜುವ ಮೊದಲೇ ನೋಡುತ್ತಿದ್ದರು. ಚಾಲಿ ಅಡಿಕೆ ಒಣಗುವುದಕ್ಕೆ ನಲವತ್ತು, ನಲವತ್ತೈದು ದಿನದ ಬಿಸಿಲು ಬೇಕು. ನಡುವೆ ಒಂದು ಮಳೆ ಬಿದ್ದರೆ ಬಣ್ಣ ಹೋಯಿತು, ದರ ಹೋಯಿತು. ಶೇಷಪರ್ವತದ ನೆತ್ತಿಗೆ ಮೋಡ ಕಟ್ಟಿದರೆ ಅವರು ಯಾರನ್ನೂ ಕೇಳದೆ ಅಡಿಕೆ ಎತ್ತಲು ಹೊರಡುವರು. ಬೆಟ್ಟ ಅವರಿಗೆ ಸೌಂದರ್ಯವೂ ಅಲ್ಲ, ಸವಾಲೂ ಅಲ್ಲ. ಮನೆಯ ಹಿರಿಯರೊಬ್ಬರ ಮುಖ ನೋಡಿ ಈ ದಿನ ಸಿಟ್ಟಿನಲ್ಲಿದ್ದಾರೋ ಹೇಗೆ ಎಂದು ತಿಳಿದುಕೊಳ್ಳುವ ಹಾಗೆ ಅವರು ಅದನ್ನು ನೋಡುತ್ತಿದ್ದರು. ಭಾವ ತೀರಿಕೊಂಡು ಮೂರು ವರ್ಷವಾಯಿತು. ಸಂಪಾಜೆ, ಅರಂತೋಡು ಕಡೆಯ ತೋಟಗಳನ್ನು ಮಲಗಿಸಿದ ಹಳದಿ ಎಲೆ ರೋಗ ಈಗ ಅಕ್ಕನ ತೋಟದ ಕೆಳಬದಿಗೂ ಕಾಲಿಟ್ಟಿದೆ. ಅದಕ್ಕೆ ಮದ್ದಿಲ್ಲ. ಅಕ್ಕ ಒಬ್ಬಳೇ ಇದ್ದಾಳೆ. ನನ್ನನ್ನು ಪುತ್ತೂರಿನಿಂದ ಕರೆಸಿದವಳೂ ಅವಳೇ. “ನೀನಾದರೂ ಅವನಿಗೆ ಒಂದು ಮಾತು ಹೇಳು” ಎಂದಿದ್ದಳು. ಯಾವ ಮಾತು ಎಂದು ಹೇಳಿರಲಿಲ್ಲ.

ಹೀಗೆ, ತಾಯಿ ತಡೆಯಲೆಂದು ಕರೆದವನನ್ನು ಮಗ ದಾರಿ ತೋರಿಸು ಎಂದು ಕೇಳಿದ. ಇಬ್ಬರ ನಡುವೆ ಕುಳಿತು ನಾನು ಯೋಚಿಸಿದ್ದನ್ನು ಓದುಗರ ಮುಂದಿಡುತ್ತೇನೆ. ಇದು ಒಂದು ಮನೆಯ ಮಾತಲ್ಲ; ಪುತ್ತೂರು, ಸುಳ್ಯ, ಕಡಬಗಳಲ್ಲಿ ದೊಡ್ಡ ಮನೆಗೆ ಬೀಗ ಹಾಕಿರುವ ಅಥವಾ ಒಬ್ಬರೇ ವೃದ್ಧರು ದೀಪ ಹಚ್ಚುವ ಅಂಗಳಗಳನ್ನು ಎಣಿಸುತ್ತ ಹೋದರೆ ಬೆರಳು ಸಾಲದು.

ಸುಖಕ್ಕಾಗಿ ಊರನ್ನು ಆರಿಸಿಕೊಳ್ಳಬಹುದೇ? ನಮ್ಮವರು ಊರು ಬಿಟ್ಟದ್ದುಂಟು. ಹಸಿವಿಗೆ ಬಿಟ್ಟರು, ಸಾಲಕ್ಕೆ ಬಿಟ್ಟರು, ದಾಯಾದಿ ಜಗಳಕ್ಕೆ ಬಿಟ್ಟರು. ಹೆಣ್ಣುಮಕ್ಕಳಂತೂ ಮದುವೆಯೆಂಬ ಹೆಸರಿನಲ್ಲಿ ಯಾರ ಅಪ್ಪಣೆಯನ್ನೂ ಕೇಳಲಾರದೆ ಬಿಟ್ಟರು. ಈ ಕಡೆಯ ಗೌಡ ಮನೆತನಗಳ ಹಿರಿಯರು ಘಟ್ಟದ ಮೇಲಿನ ಐಗೂರು ಸೀಮೆಯಿಂದ ಇಳಿದು ಬಂದವರೆಂದು ಅವರಲ್ಲೇ ಹೇಳಿಕೆಯಿದೆ. ಇವೆಲ್ಲವನ್ನೂ ಲೋಕ ಒಪ್ಪಿತು. ಬೆಟ್ಟ ಹತ್ತುವ ಖುಷಿಗೆ ಊರು ಬಿಡುತ್ತೇನೆ ಎಂದರೆ ಮಾತ್ರ ಹುಬ್ಬೇರುತ್ತದೆ. ನನ್ನ ಹುಬ್ಬೂ ಏರಿತು. ಆದರೆ ಸ್ವಲ್ಪ ಹೊತ್ತು ಕಳೆದ ಮೇಲೆ ನಾಚಿಕೆಯಾಯಿತು. ನಾನು ಹುಟ್ಟಿದ ಮನೆ ಬಿಟ್ಟು ಪುತ್ತೂರಿಗೆ ಬಂದದ್ದು ಏಕೆ? ಸಂಬಳಕ್ಕೆ. ಸಂಬಳಕ್ಕೆ ಊರು ಬಿಡುವುದು ಕರ್ತವ್ಯ, ಸಂತೋಷಕ್ಕೆ ಬಿಡುವುದು ಸ್ವೇಚ್ಛೆ ಎಂದು ಯಾವ ಧರ್ಮಶಾಸ್ತ್ರ ಹೇಳಿದೆ? ಎರಡರಲ್ಲೂ ಬಿಟ್ಟುಹೋದ ಮನೆ ಒಂದೇ ಸಮನೆ ಖಾಲಿಯಾಗುತ್ತದೆ. ಇಲ್ಲಿಂದ ಮೇಲಕ್ಕೆ ಹೋಗುವುದಾದರೆ, ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು ಪುತ್ತೂರನ್ನು ತಾವಾಗಿ ಆರಿಸಿಕೊಂಡು ಸುಮಾರು ನಾಲ್ಕು ದಶಕ ಬಾಲವನದಲ್ಲಿ ಬಾಳಿದರು. ಮುಂದೆ ಸಾಲಿಗ್ರಾಮಕ್ಕೆ ಹೋದರು. ಅವರನ್ನು ಊರುಬಿಟ್ಟವರೆಂದು ಯಾರೂ ಬೈಯಲಿಲ್ಲ.

ಇನ್ನೊಂದು ಮಾತು. ಬೆಟ್ಟವನ್ನು ಸಂತೋಷಕ್ಕಾಗಿ ಹತ್ತುವುದೆಂಬುದೇ ಈಚಿನ ಸಂಗತಿ. 1336ರಲ್ಲಿ ಇಟಲಿಯ ಕವಿ ಪೆಟ್ರಾರ್ಕ್ ತಮ್ಮನನ್ನು ಕರೆದುಕೊಂಡು ಫ್ರಾನ್ಸಿನ ವಾಂಟು ಎಂಬ ಬೆಟ್ಟವನ್ನು ಬರಿಯ ನೋಡುವ ಆಸೆಗಾಗಿ ಹತ್ತಿದನಂತೆ. ಅದು ನಮ್ಮ ಕುಮಾರಪರ್ವತಕ್ಕಿಂತ ಸುಮಾರು ಇನ್ನೂರು ಮೀಟರು ಹೆಚ್ಚು ಎತ್ತರ. ತುದಿಯಲ್ಲಿ ನಿಂತು ಜೇಬಿನ ಸಂತ ಅಗಸ್ಟೀನನ ಪುಸ್ತಕ ತೆರೆದರೆ, ಮನುಷ್ಯರು ಬೆಟ್ಟಗಳನ್ನು ಬೆರಗಾಗಿ ನೋಡುತ್ತಾರೆ, ತಮ್ಮನ್ನು ತಾವು ಮರೆಯುತ್ತಾರೆ ಎಂಬ ಅರ್ಥದ ಮಾತು ಕಣ್ಣಿಗೆ ಬಿದ್ದು, ಇಳಿಯುವ ದಾರಿಯುದ್ದಕ್ಕೂ ಅವನು ಮಾತನಾಡಲಿಲ್ಲವೆಂದು ಅವನೇ ಬರೆದುಕೊಂಡಿದ್ದಾನೆ. ನನಗೆ ಈ ಕತೆಯಲ್ಲಿ ಒಂದು ಸಂಶಯ ಯಾವಾಗಲೂ ಇದೆ. ಅಷ್ಟು ದೊಡ್ಡ ನೋಟ ಕಣ್ಣೆದುರಿಗಿರುವಾಗ ಪುಸ್ತಕ ತೆರೆಯುವವನು ಹುಟ್ಟಾ ಅಧ್ಯಾಪಕನೇ ಇರಬೇಕು.

ಆಲ್ಪ್ಸ್ ಪರ್ವತದ ಹಳ್ಳಿಗರೂ ನಮ್ಮ ಭಾವನವರಂತೆಯೇ ಇದ್ದವರು. ಹಸು, ಹುಲ್ಲು, ಗಿಣ್ಣು. ಬೆಟ್ಟವೆಂದರೆ ಹಿಮ ಜಾರಿ ಮನೆ ಮುಚ್ಚುವ ಭಯ. ಮಾಂಟ್ ಬ್ಲಾಂಕ್ ಶಿಖರವನ್ನು 1786ರಲ್ಲಿ ಮೊದಲು ಹತ್ತಿದ ಇಬ್ಬರಲ್ಲಿ ಪಾಕ್ಕಾರ್ ಎಂಬವನು ವೈದ್ಯ, ಬಾಲ್ಮಾ ಎಂಬವನು ಬೆಟ್ಟದಲ್ಲಿ ಸ್ಫಟಿಕ ಹುಡುಕಿ ಮಾರುತ್ತಿದ್ದ ಬಡವ. ಜಿನೀವಾದ ವಿದ್ವಾಂಸನೊಬ್ಬ ಕಟ್ಟಿದ್ದ ಬಹುಮಾನವೂ ಅಲ್ಲಿತ್ತು. ಹಿಮಾಲಯಕ್ಕೆ ಬಂದರೆ ತೇನ್‌ಸಿಂಗರ ಕತೆ ಎಲ್ಲರಿಗೂ ಗೊತ್ತು. ಅವರು ಹುಡುಗನಾಗಿದ್ದಾಗಲೇ ನೇಪಾಳದ ತಮ್ಮ ಹಳ್ಳಿ ಬಿಟ್ಟು ಡಾರ್ಜಿಲಿಂಗಿಗೆ ಬಂದರು, ಬೆಟ್ಟ ಹತ್ತುವ ದೊರೆಗಳ ಹೊರೆ ಹೊರುವ ಕೆಲಸ ಅಲ್ಲಿ ಸಿಗುತ್ತದೆಂದು. 1953ರಲ್ಲಿ ಎವರೆಸ್ಟ್ ಹತ್ತಿದ ಮೇಲೆ ಅಲ್ಲೇ ನೆಲೆ ನಿಂತರು. 1954ರಲ್ಲಿ ಅಲ್ಲಿ ಹುಟ್ಟಿದ ಪರ್ವತಾರೋಹಣ ಸಂಸ್ಥೆಯಲ್ಲಿ ಬೇರೆಯವರಿಗೆ ಹತ್ತುವುದನ್ನು ಕಲಿಸಿದರು. ಬೆಟ್ಟಕ್ಕಾಗಿ ಊರು ಬದಲಿಸಿದವರಲ್ಲಿ ಅವರಿಗಿಂತ ದೊಡ್ಡವರು ಯಾರು? ಅವರಿಗೆ ಬೆಟ್ಟವೂ ಅನ್ನವೂ ಒಂದೇ ದಾರಿಯಲ್ಲಿದ್ದವು. ನನ್ನ ಅಳಿಯನಿಗೆ ಅನ್ನದ ಚಿಂತೆಯಿಲ್ಲ. ಅದರಿಂದಲೇ ಅವನ ಆಯ್ಕೆಗೆ ನೈತಿಕ ಪ್ರಶ್ನೆಯೊಂದು ಅಂಟಿಕೊಳ್ಳುತ್ತದೆ. ಅನ್ನವಿಲ್ಲದವನನ್ನು ಯಾರೂ ಈ ಪ್ರಶ್ನೆ ಕೇಳುವುದಿಲ್ಲ.

ಹಾಳೆಯಲ್ಲಿ ಕ್ಯಾನ್‌ಮೋರಿಗೆ ಒಳ್ಳೆಯ ಅಂಕ ಬಿದ್ದಿತ್ತು. ಅದರ ಚರಿತ್ರೆಯನ್ನು ಅವನೇ ಹೇಳಿದ. ಅದು ಕಲ್ಲಿದ್ದಲ ಗಣಿಯ ಊರು. 1979ರಲ್ಲಿ ಗಣಿ ಮುಚ್ಚಿತು. 1988ರ ಕ್ಯಾಲ್ಗರಿ ಒಲಿಂಪಿಕ್ಕಿನ ಕೆಲವು ಸ್ಪರ್ಧೆಗಳು ಅಲ್ಲಿ ನಡೆದವು. ಬೆಟ್ಟ ಕಾಣುವ ಮನೆ ಬೇಕೆಂದು ಜನ ಬಂದರು. ಈಗ ಅಲ್ಲಿ ಹೋಟೆಲಿನಲ್ಲಿ ತಟ್ಟೆ ಎತ್ತುವವನಿಗೆ, ಶಾಲೆಯಲ್ಲಿ ಪಾಠ ಹೇಳುವವಳಿಗೆ ಬಾಡಿಗೆ ಮನೆ ಎಟಕುವುದೇ ಕಷ್ಟ. ಬೆಟ್ಟವನ್ನು ಪ್ರೀತಿಸಿದವರು ಬೆಟ್ಟದವರನ್ನು ಕೆಳಗಿಳಿಸಿದರು. ಯಾರೂ ಕೆಟ್ಟ ಉದ್ದೇಶದಿಂದ ಬಂದವರಲ್ಲ ಎಂಬುದೇ ಇದರಲ್ಲಿ ಬೇಸರದ ಸಂಗತಿ. ನಮ್ಮಲ್ಲಿಯೂ ಇದರ ಪುಟ್ಟ ನೆರಳು ಕಂಡಿದ್ದೇವೆ. 2024ರ ಜನವರಿ ಕೊನೆಯ ರಜೆಯಲ್ಲಿ ಕುಮಾರಪರ್ವತದ ದಾರಿಯಲ್ಲಿ ಜಾತ್ರೆಯಂತೆ ಸಾಲುಗಟ್ಟಿದ ಜನರ ಚಿತ್ರ ನೋಡಿ ನಾಡೇ ಗಾಬರಿಯಾಯಿತು. ಸರಕಾರ ಚಾರಣವನ್ನು ನಿಲ್ಲಿಸಿ, ಮುಂಗಡ ಕಾದಿರಿಸಿದವರಿಗಷ್ಟೇ ದಾರಿ ಎಂಬ ಏರ್ಪಾಟಿಗೆ ಹೋಗಬೇಕಾಯಿತು. ಬೆಟ್ಟಕ್ಕೆ ಹೋಗಬೇಕೆಂಬ ಹಂಬಲ ಒಬ್ಬೊಬ್ಬನಲ್ಲೂ ನಿರ್ಮಲವೇ. ಕೂಡಿಸಿದಾಗ ಪ್ಲಾಸ್ಟಿಕ್ ಬಾಟಲಿ.

ಇದನ್ನೆಲ್ಲ ಮಾತನಾಡುತ್ತಿರುವಾಗ ನನ್ನ ಕಣ್ಣು ರಸ್ತೆಯಾಚೆಗೆ ಹೋಯಿತು. ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟದ ಕೆಲಸ ಮುಗಿಸಿ ಹೆಂಗಸರಿಬ್ಬರು ತಮಿಳಿನಲ್ಲಿ ಮಾತನಾಡುತ್ತ ನಡೆಯುತ್ತಿದ್ದರು. ಸುಳ್ಯ, ಪುತ್ತೂರು ಸೀಮೆಯವರಿಗೆ ಇವರು ಹೊಸಬರಲ್ಲ. 1964ರ ಅಕ್ಟೋಬರಿನಲ್ಲಿ ಲಾಲ್ ಬಹಾದುರ್ ಶಾಸ್ತ್ರಿಯವರೂ ಸಿರಿಮಾವೊ ಬಂಡಾರನಾಯಕೆಯವರೂ ಮಾಡಿಕೊಂಡ ಒಪ್ಪಂದದಲ್ಲಿ ಸಿಂಹಳದ ಚಹಾ ತೋಟದ ತಮಿಳರನ್ನು ಹಂಚಿಕೊಳ್ಳಲಾಯಿತು: ಐದು ಲಕ್ಷ ಇಪ್ಪತ್ತೈದು ಸಾವಿರ ಮಂದಿ ಭಾರತಕ್ಕೆ, ಮೂರು ಲಕ್ಷ ಮಂದಿ ಅವರಿಗೆ. ಹಾಗೆ ಬಂದವರಲ್ಲಿ ಕೆಲವರನ್ನು ನಮ್ಮ ಕಾಡಿನಂಚಿನ ರಬ್ಬರ್ ತೋಟಗಳಿಗೆ ತಂದಿಳಿಸಿದರು. ಅವರೂ ಒಂದು ಬೆಟ್ಟದಿಂದ ಇನ್ನೊಂದು ಬೆಟ್ಟಕ್ಕೆ ಬಂದವರೇ. ಅವರ ಕೈಗೆ ಯಾರೂ ಹಾಳೆ ಕೊಡಲಿಲ್ಲ. ಅವರೇ ಹಾಳೆಯ ಮೇಲಿನ ಅಂಕೆಯಾಗಿದ್ದರು. ಭಾಷೆ ಬಾರದ, ಜಡಿಮಳೆಯ ಈ ಊರಿಗೆ ಬಂದು, ಮಕ್ಕಳನ್ನು ಕನ್ನಡ ಶಾಲೆಗೆ ಕಳಿಸಿ, ಈ ಊರಿನವರಾದರು. ಅವರ ಮಕ್ಕಳು ನನ್ನ ತರಗತಿಯಲ್ಲಿ ಹಳಗನ್ನಡ ಓದಿದ್ದಾರೆ. ಊರು ಆರಿಸಿಕೊಳ್ಳುವ ಸ್ವಾತಂತ್ರ್ಯವೇ ಇಲ್ಲದವರು ಊರಿನವರಾಗುವುದನ್ನು ಕಂಡ ಮೇಲೆ, ಆರಿಸಿಕೊಳ್ಳುವುದಕ್ಕೂ ಅಲ್ಲಿಯವರಾಗುವುದಕ್ಕೂ ಏನು ಸಂಬಂಧ ಎಂಬ ಪ್ರಶ್ನೆ ನನಗೆ ಹುಟ್ಟಿತು.

ಕಾರಂತರ ‘ಬೆಟ್ಟದ ಜೀವ’ ಪ್ರಕಟವಾದದ್ದು 1943ರಲ್ಲಿ. ಇದೇ ಕುಮಾರಪರ್ವತದ ಸೆರಗಿನ ಕತೆ. ಪ್ರತಿ ವರ್ಷ ಪಾಠ ಹೇಳುವಾಗಲೂ ಗೋಪಾಲಯ್ಯನವರು ಕಾಡು ಕಡಿದು ತೋಟ ಎಬ್ಬಿಸಿದ ಸಾಹಸವನ್ನೇ ನಾನು ಒತ್ತಿ ಹೇಳುತ್ತಿದ್ದೆ. ಆ ದಿನ ಬೇರೆಯದು ನೆನಪಾಯಿತು. ಕಾದಂಬರಿ ಶುರುವಾಗುವುದೇ ದಾರಿ ತಪ್ಪಿದ ಒಬ್ಬ ಪ್ರವಾಸಿ ಆ ಮನೆಯನ್ನು ಸೇರುವುದರಿಂದ. ದಾರಿ ತಪ್ಪಿದವನಿಗೆ ಬೆಚ್ಚನೆಯ ನೀರು, ಊಟ, ಹಾಸಿಗೆ. ಆದರೆ ಆ ದಂಪತಿಗಳ ಸ್ವಂತ ಮಗ ಶಂಭು ಮನೆ ಬಿಟ್ಟು ಹೋಗಿದ್ದಾನೆ, ಮರಳಿಲ್ಲ. ಬಂದವರನ್ನೆಲ್ಲ ಅವರು ಅಷ್ಟು ಪ್ರೀತಿಯಿಂದ ಉಪಚರಿಸುವುದರ ಹಿಂದೆ ಆ ಖಾಲಿ ಜಾಗವಿದೆ.

ಹುಡುಗನನ್ನು ಕೇಳಿದೆ: “ಈ ಊರುಗಳಲ್ಲಿ ನೀನು ಬೆಟ್ಟದಲ್ಲಿ ದಾರಿ ತಪ್ಪಿದರೆ ಹುಡುಕಲಿಕ್ಕೆ ಯಾರು ಬರ್ತಾರೆ?”

ಅವನ ಮುಖ ಅರಳಿತು. ಇಷ್ಟು ಹೊತ್ತಿಗೆ ಮಾವ ವಿಷಯಕ್ಕೆ ಬಂದರು ಎಂದುಕೊಂಡಿರಬೇಕು. ಆಸ್ಟ್ರಿಯಾದಲ್ಲಿ ಬೆಟ್ಟದಿಂದ ಜನರನ್ನು ರಕ್ಷಿಸುವ ಪಡೆ 1896ರಲ್ಲಿ, ಹಿಮ ಜಾರಿ ಸತ್ತವರ ದುರಂತವೊಂದರ ಬೆನ್ನಿಗೆ ಹುಟ್ಟಿತಂತೆ. ಅದರಲ್ಲಿರುವವರು ಬಹುಪಾಲು ಸಂಬಳದವರಲ್ಲ. ಬಡಗಿ, ರೈತ, ಮೇಷ್ಟ್ರು. ಕರೆ ಬಂದಾಗ ಕೈಯ ಕೆಲಸ ಬಿಟ್ಟು, ನಡುರಾತ್ರಿಯಾದರೂ ಹಿಮಕ್ಕೆ ಇಳಿಯುತ್ತಾರೆ. ಶಾಮೊನಿಯಲ್ಲಿ ಅದು ಪೊಲೀಸರ ಕೆಲಸ.

“ಆ ಬಡಗಿಯ ಜತೆ ನೀನೂ ಹೋಗ್ತೀಯಾ?”

“ಭಾಷೆ ಕಲಿತು, ಕೆಲವು ವರ್ಷ ಅಲ್ಲಿ ಇದ್ದ ಮೇಲೆ... ಹೋಗಬಹುದು.” ಸ್ವಲ್ಪ ತಡೆದು ಹೇಳಿದ. “ಇದಕ್ಕೆ ಎಷ್ಟು ಅಂಕ ಇಡುವುದು ಮಾವ?”

ಇಲ್ಲಿಗೆ ನಿಲ್ಲಿಸಿದ್ದರೆ ನಾನು ಗೆದ್ದಂತಿತ್ತು. ನಿಲ್ಲಿಸಲಿಲ್ಲ. “ಅಕ್ಕ ತೋಟದಲ್ಲಿ ಕಾಲು ಜಾರಿ ಬಿದ್ದರೆ ಹುಡುಕಲಿಕ್ಕೆ ಯಾರು ಬರ್ತಾರೆ, ಅದಕ್ಕೂ ಒಂದು ಸಾಲು ಹಾಕು” ಎಂದುಬಿಟ್ಟೆ.

ಅವನು ಸಿಟ್ಟಾಗಲಿಲ್ಲ. “ಬೆಂಗಳೂರಿನಿಂದ ಬರುವುದಕ್ಕೂ ಒಂದು ರಾತ್ರಿ ಬೇಕು ಮಾವ. ಪುತ್ತೂರಿನಿಂದ ಒಂದೂವರೆ ಗಂಟೆ. ನೀವು ಹಿಂದಿನ ಸಲ ಬಂದದ್ದು ಯಾವಾಗ?”

ಚೌತಿಗೆ ಬಂದಿದ್ದೆ. ಅದು ಕಳೆದು ಮೂರು ತಿಂಗಳ ಮೇಲಾಗಿತ್ತು. ದೂರವನ್ನು ಸಮುದ್ರದಿಂದ ಅಳೆಯುವವನಿಗೆ ಅವನು ಬಸ್ಸಿನ ಟಿಕೆಟಿನಿಂದ ಅಳೆದು ತೋರಿಸಿದ. ಹತ್ತಿರವಿದ್ದೂ ಬಾರದವನು, ದೂರ ಹೋಗುವವನಿಗೆ ಧರ್ಮ ಹೇಳಲು ಕುಳಿತಿದ್ದೆ. ನೆರೆಮನೆಯ ರಾಮಣ್ಣನೋ ಐತಪ್ಪನೋ ಯಾರೋ ಒಬ್ಬರು ದಿನಕ್ಕೊಮ್ಮೆ ಬೇಲಿಯಾಚೆಯಿಂದ “ಅಕ್ಕಾ” ಎಂದು ಕೂಗಿ ಹೋಗುತ್ತಾರೆ. ಅಕ್ಕನ ಬದುಕು ಅದರ ಮೇಲೆ ನಿಂತಿದೆಯೇ ಹೊರತು ನನ್ನ ಮೇಲಲ್ಲ. ಊರಿನವನೆಂದರೆ ಆ ಕೂಗು ಹಾಕುವವನು. ಅವನು ಕಡಬದಲ್ಲೂ ಇರಬಹುದು, ಟಿರೋಲಿನಲ್ಲೂ ಇರಬಹುದು. ಪುತ್ತೂರಿನ ನನ್ನ ಬೀದಿಯಲ್ಲಿ ಹದಿನೆಂಟು ವರ್ಷದಿಂದ ಇರುವ ನಾನು ಅಂಥ ಕೂಗು ಯಾವ ಬೇಲಿಯ ಬಳಿಯೂ ಹಾಕಿದವನಲ್ಲ.

ಅಷ್ಟರಲ್ಲಿ ಒಳಗಿನಿಂದ ಅಕ್ಕ ಹೊರಗೆ ಬಂದಳು. ನಮ್ಮಿಬ್ಬರನ್ನೂ ನೋಡಲಿಲ್ಲ, ನೇರ ಮೂಡಣಕ್ಕೆ ನೋಡಿದಳು. ಶೇಷಪರ್ವತದ ನೆತ್ತಿಗೆ ಮೋಡ ಕಟ್ಟಿತ್ತು. “ಏಳಿ ಏಳಿ, ಅಡಿಕೆ!” ಎಂದಳು. ಹಾಳೆಯ ಮೇಲೆ ಅಡಿಕೆಕತ್ತರಿ ಇಟ್ಟು ಹುಡುಗ ಅಂಗಳಕ್ಕೆ ಹಾರಿದ. ನಾನು ಪಂಚೆ ಎತ್ತಿ ಕಟ್ಟಿದೆ. ಮೂವರೂ ಸೇರಿ ಎಳೆದು, ಗುಡ್ಡೆ ಮಾಡಿ, ಹೆಡಿಗೆಗೆ ತುಂಬಿ, ಆಗದ್ದಕ್ಕೆ ಟಾರ್ಪಾಲು ಹೊದಿಸಿದೆವು. ಬೆಟ್ಟ ಹತ್ತಿದ ಮೈ. ಎರಡು ಹೆಡಿಗೆಯನ್ನು ಒಟ್ಟಿಗೆ ಹೊರುತ್ತಿದ್ದ.

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ಮಗನನ್ನು ಕೇಳಿದಳು: “ನೀ ಹೋಗುವ ಊರಿಂದ ಬೆಟ್ಟ ಕಾಣ್ತದಾ?”

“ಕಾಣ್ತದೆ ಅಮ್ಮ. ಎಲ್ಲ ಕಿಟಕಿಯಿಂದಲೂ.”

“ಅದನ್ನು ನೋಡಿದರೆ ಮಳೆ ಬರುವುದು ಗೊತ್ತಾಗ್ತದಾ?”

“ಅದು ಅಲ್ಲಿಯವರ ಹತ್ತಿರ ಕಲೀಬೇಕು” ಎಂದ.

ಅಕ್ಕ ಕಾಫಿ ಮಾಡಲು ಒಳಗೆ ಹೋದಳು. ಆ ದಿನ ಮಳೆ ಬರಲಿಲ್ಲ. ನಾಲ್ಕೂವರೆಯ ಹೊತ್ತಿಗೆ ಮೋಡ ಚೆದರಿ ಬಿಸಿಲು ಬಂದಿತು. ಇನ್ನು ಹರಡಿದರೆ ಸಂಜೆಗೆ ಮತ್ತೆ ಎತ್ತಬೇಕಾದೀತೆಂದು ಅಡಿಕೆಯನ್ನು ಹಾಗೆಯೇ ಬಿಟ್ಟೆವು. ನಾನು ಕಡೆಯ ಬಸ್ಸಿಗೆ ಹೊರಡಬೇಕಿತ್ತು. ಹೊರಡದೆ ಆ ರಾತ್ರಿ ಅಲ್ಲೇ ಉಳಿದೆ.